ಅಜ್ಜಿಯ ‘ಚೀನಾ ತಟ್ಟೆ’ ಒಡೆದಿದೆ, ಬಂಗಾರದ ಗೆರೆ ಹಾಕಿ ಕೂಡಿಸಬಹುದಾ?

ಪ್ರಶ್ನೆ (ರಾಯಚೂರಿನಿಂದ)

ನಮ್ಮ ಅಜ್ಜಿಯದೊಂದು ಪಿಂಗಾಣಿ ತಟ್ಟೆ. ಬಿಳಿ ಮೇಲೆ ನೀಲಿ ಚಿತ್ರ. ಬಾಗಿದ ಮರ, ಸೇತುವೆ ಮೇಲೆ ಮೂರು ಜನ, ಆಕಾಶದಲ್ಲಿ ಎರಡು ಹಕ್ಕಿ. ಬೀಗರು ಬಂದರೆ ಮಾತ್ರ ಅದು ಕಪಾಟಿನಿಂದ ಇಳಿಯುತ್ತಿತ್ತು. ಅದರ ತುಂಬ ಮಂಡಾಳ ಒಗ್ಗರಣೆ, ಅಂಚಿಗೆ ಎರಡು ಮಿರ್ಚಿ. ಹೋದ ತಿಂಗಳು ಮನೆಗೆ ಬಣ್ಣ ಹೊಡೆಸುವಾಗ ಏಣಿ ತಾಗಿ ಮೂರು ಹೋಳಾಯಿತು. ‘ಒಡೆದದ್ದು ಮನ್ಯಾಗ ಇರಬಾರದು, ಹೊರಗ ಹಾಕು’ ಅಂತಾರೆ ಅತ್ತೆ. ನಾನು ಹಳೆ ಸೀರೆಯಲ್ಲಿ ಸುತ್ತಿ ಅಕ್ಕಿ ಡಬ್ಬಿ ಹಿಂದೆ ಬಚ್ಚಿಟ್ಟಿದ್ದೇನೆ.

ಒಡೆದದ್ದನ್ನು ಬಂಗಾರದ ಗೆರೆ ಕಾಣುವ ಹಾಗೆ ಕೂಡಿಸುವ ಜಪಾನಿನವರ ಕಿಂತ್ಸುಗಿ ನೋಡಿ ಆನ್‌ಲೈನ್‌ನಲ್ಲಿ ಕಿಟ್ ತರಿಸಿದೆ. ಒಳಗೆ ಎರಡು ಟ್ಯೂಬ್ ಅಂಟು, ಚಿಟಿಕೆ ಹಳದಿ ಪುಡಿ, ಅಷ್ಟೇ. ಇದೇನಾ ಅಸಲಿ? ಕೂಡಿಸಿದ ಮೇಲೆ ಊಟಕ್ಕೆ ಬಳಸಬಹುದಾ?

ಉತ್ತರ 1 (ಕಿನ್ನಾಳ, ಕೊಪ್ಪಳ ಜಿಲ್ಲೆ)

ಅಕ್ಕಾ, ನಮ್ಮದು ಗೊಂಬೆ ಮಾಡುವ ಮನೆ. ನಿಮಗೆ ಬಂದಿರುವುದು ಎಪಾಕ್ಸಿ, ಅಂದರೆ ಎರಡು ಟ್ಯೂಬ್ ಕಲಸಿ ಹಚ್ಚುವ ರಾಸಾಯನಿಕ ಅಂಟು. ಜಪಾನಿನವರು ಬಳಸುವುದು ಉರುಶಿ ಅನ್ನುವ ಮರದ ಹಾಲು. ಅದಕ್ಕೆ ಗೋಧಿ ಹಿಟ್ಟು ಕಲಸಿ ಚೂರು ಅಂಟಿಸುತ್ತಾರೆ. ಆಮೇಲೆ ಸಂದಿ ತುಂಬಿ, ಉಜ್ಜಿ, ಕೊನೆಗೆ ಅಸಲಿ ಬಂಗಾರದ ಪುಡಿ ಉದುರಿಸುತ್ತಾರೆ. ವಾರಗಟ್ಟಲೆ ಕೆಲಸ.

ತಮಾಷೆ ಅಂದರೆ ಉರುಶಿ ಬಿಸಿಲಿಗೆ ಒಣಗುವುದಿಲ್ಲ. ಗಟ್ಟಿಯಾಗಲು ಗಾಳಿಯಲ್ಲಿ ಶೇ. 70ಕ್ಕಿಂತ ಜಾಸ್ತಿ ತೇವ ಬೇಕು. ಅದಕ್ಕೇ ಅಲ್ಲಿ ಒದ್ದೆ ಬಟ್ಟೆ ಹಾಸಿದ ಮರದ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಸುಮ್ನೆ ಹೊರಗಿಟ್ಟರೆ ಅಂಟು ಅಂಟಾಗೇ ಉಳಿಯುತ್ತದೆ. ಹಸಿ ಉರುಶಿ ಮೈಗೆ ತಾಗಿದರೆ ಗುಳ್ಳೆ ಏಳುತ್ತವೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರುಬೀಜದ ಜಾತಿಯೇ ಅದು, ಮಾವಿನ ಮರದ ನೆಂಟ.

ಎಪಾಕ್ಸಿ ಹಾಕಿದ ತಟ್ಟೆಯಲ್ಲಿ ಊಟ ಬೇಡ. ಬಿಸಿಗೆ ಮೆತ್ತಗಾಗುತ್ತದೆ. ಗೋಡೆಗೆ ಹಾಕಿ, ಚೆನ್ನಾಗಿರುತ್ತದೆ.

ಇನ್ನೊಂದು ಮಾತು. ನಮ್ಮ ಗೊಂಬೆಗೂ ‘ಅರಗಿನ ಕೆಲಸ’ ಅಂತಾರೆ, ಅದು ತಪ್ಪು. ಅರಗು ಹಾಕುವುದು ಚನ್ನಪಟ್ಟಣದ ಗೊಂಬೆಗೆ, ಅದು ಹುಳದಿಂದ ಬರುತ್ತದೆ. ನಮ್ಮದು ಹಗುರ ಮರ, ಹುಣಸೆ ಬೀಜದ ಅಂಟು, ಮೇಲೆ ಬಣ್ಣ. ಹೊಳಪಿಗೆ ತವರ.

ಉತ್ತರ 2 (ಬಳ್ಳಾರಿ)

ಮೊದಲು ತಟ್ಟೆಯ ಹಿಂಭಾಗ ನೋಡಿ ಮೇಡಂ. ನೀವು ಹೇಳಿದ ಚಿತ್ರ ‘ವಿಲ್ಲೋ’ ಮಾದರಿಯ ಹಾಗಿದೆ, ಆ ಬಾಗಿದ ಮರದ ಹೆಸರೇ ವಿಲ್ಲೋ. ಅದು ಚೀನಾದ್ದಲ್ಲ. ಚೀನಾದ ನೀಲಿ ಪಿಂಗಾಣಿಗೆ ಮರುಳಾಗಿ 18ನೇ ಶತಮಾನದ ಕೊನೆಗೆ ಇಂಗ್ಲೆಂಡಿನವರು ಹುಟ್ಟಿಸಿದ್ದು. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ತೆಳು ಕಾಗದಕ್ಕೆ ಒತ್ತಿ, ಆ ಕಾಗದವನ್ನು ತಟ್ಟೆಗೆ ಅಂಟಿಸುತ್ತಿದ್ದರು. ಅಂಚಿನ ಬಳ್ಳಿಯಲ್ಲಿ ಎಲ್ಲಾದರೂ ಗೆರೆ ಕೂಡದೆ ತಪ್ಪಿದ್ದರೆ ಅದೇ ಕಾಗದದ ಜೋಡಣೆ. ಪ್ರೇಮಿಗಳಿಬ್ಬರು ಸತ್ತು ಆ ಎರಡು ಹಕ್ಕಿಗಳಾದರು ಅಂತ ಒಂದು ಕಥೆ ಹೇಳುತ್ತಾರೆ, ಅದೂ ಮಾರಾಟಕ್ಕೆ ಇಂಗ್ಲೆಂಡಿನಲ್ಲೇ ಕಟ್ಟಿದ್ದು!

ಚೀನಾದ ಕೈಕೆಲಸ ನೋಡಬೇಕಾದರೆ ಕೊಚ್ಚಿಯ ಮಟ್ಟಾಂಚೇರಿಯ ಯಹೂದಿ ಪ್ರಾರ್ಥನಾ ಮಂದಿರಕ್ಕೆ ಹೋಗಿ. ನೆಲಕ್ಕೆಲ್ಲ ನೀಲಿ ಟೈಲ್ಸ್, ಕುಂಚದಲ್ಲಿ ಬರೆದದ್ದು. ಅಷ್ಟು ದೂರ ಯಾಕೆ, ಹಂಪಿಯಲ್ಲಿ ಅಗೆದಾಗಲೇ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ.

ಪ್ರಶ್ನೆ ಕೇಳಿದವರು

ಹಿಂಭಾಗ ನೋಡಿದೆ. ಅರ್ಧ ಅಳಿಸಿದೆ, ಆದರೆ ‘ಇಂಗ್ಲೆಂಡ್’ ಅಂತ ಕಾಣುತ್ತದೆ! ಅಂಚಿನ ಬಳ್ಳಿಯೂ ಒಂದು ಕಡೆ ತಪ್ಪಿದೆ. ಇಷ್ಟು ವರ್ಷ ಒರೆಸಿದ್ದೇನೆ, ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಅಜ್ಜಿಗೆ ಗೊತ್ತಿತ್ತೋ ಇಲ್ಲವೋ.

ನಿನ್ನೆ ರಾತ್ರಿ ಎರಡು ಹೋಳು ಅಂಟಿಸಿದೆ. ಹಳದಿ ಪುಡಿ ಸ್ವಲ್ಪ ಜಾಸ್ತಿ ಆಯ್ತು, ಸೇತುವೆ ಮೇಲಿನ ಒಬ್ಬ ಅದರಲ್ಲಿ ಮುಚ್ಚಿಹೋಗಿದ್ದಾನೆ. ಬೆಳಿಗ್ಗೆ ಅತ್ತೆ ಕಣ್ಣಿಗೆ ಬಿತ್ತು. ತಿರುಗಿಸಿ ಮುರುಗಿಸಿ ನೋಡಿ, ‘ಯಾ ದೇಶದ್ದರ ಇರ್ಲಿ, ದೇವರ ಮನಿ ಎದುರು ಮಾತ್ರ ಹಾಕಬ್ಯಾಡ’ ಅಂದರು. ನಡುಮನೆಯ ಕಿಟಕಿ ಪಕ್ಕ ಮೊಳೆ ಹೊಡೆಸುತ್ತೇನೆ.