ಕೋತಿ ಮೊಸಳೆಗೆ ಹೇಳಿದ್ದು ಸುಳ್ಳಲ್ವಾ? ಜಾತಕ ಕಥೆ, ಪಂಚಶೀಲದ ಬಗ್ಗೆ ಒಂದು ಪ್ರಶ್ನೆ

ಓದುಗುಳಿ:
ಕೋತಿ ಮೊಸಳೆ ಕಥೆ ನಮಗೆಲ್ಲ ಪಂಚತಂತ್ರದಿಂದ ಗೊತ್ತು. ಅದೇ ಕಥೆ ಪಾಲಿ ಜಾತಕದಲ್ಲೂ, ಅಂದರೆ ಬುದ್ಧನ ಹಿಂದಿನ ಜನ್ಮಗಳ ಕಥೆಗಳಲ್ಲೂ ಇದೆ. 547 ಕಥೆಗಳಲ್ಲಿ 208ನೆಯದು, ಸುಂಸುಮಾರ ಜಾತಕ. ಅಲ್ಲಿ ಕೋತಿಯೇ ಬೋಧಿಸತ್ವ, ಅಂದರೆ ಹಿಂದಿನ ಜನ್ಮದ ಬುದ್ಧ. ನಡುನೀರಿನಲ್ಲಿ ಸಿಕ್ಕಿಬಿದ್ದಾಗ ‘ನಮ್ಮ ಹೃದಯ ಅಗೋ ಆ ಅತ್ತಿ ಮರದಲ್ಲಿ ನೇತಾಡ್ತಿದೆ’ ಅಂತ ಹೇಳಿ ಪಾರಾಗುತ್ತದೆ. ಇದು ಸುಳ್ಳು ತಾನೇ? ಬೌದ್ಧರ ಐದು ನಿಯಮಗಳಾದ ಪಂಚಶೀಲದಲ್ಲಿ ನಾಲ್ಕನೆಯದೇ ಸುಳ್ಳು ಹೇಳಬಾರದು ಅನ್ನೋದು. ಪಂಚತಂತ್ರದಲ್ಲಾದರೆ ತೊಂದರೆ ಇಲ್ಲ, ಅದು ರಾಜಕುಮಾರರಿಗೆ ಲೋಕದಲ್ಲಿ ಬದುಕುವ ಜಾಣತನ ಕಲಿಸೋಕೆ ಹೇಳಿದ್ದು. ಬುದ್ಧ ಹೇಳಿದ ಕಥೆ ಅಂದಾಗ ಇದನ್ನು ಹೇಗೆ ತಗೋಬೇಕು?

ಹೊಳೆದಂಡೆ:
ಉದ್ದೇಶ ನೋಡಬೇಕು ಅಲ್ವಾ? ಚೇತನವನ್ನೇ, ಅಂದರೆ ಮನಸ್ಸಿನ ಸಂಕಲ್ಪವನ್ನೇ, ನಾನು ಕರ್ಮ ಅನ್ನುತ್ತೇನೆ ಅಂತ ಬುದ್ಧ ಅಂಗುತ್ತರ ನಿಕಾಯ ಅನ್ನೋ ಉಪದೇಶಗಳ ಸಂಗ್ರಹದಲ್ಲಿ ಹೇಳಿದ್ದಾನೆ. ಕೋತಿ ಜೀವ ಉಳಿಸಿಕೊಂಡಿತು, ಮೊಸಳೆಗೆ ಏನೂ ನಷ್ಟ ಆಗಲಿಲ್ಲ. ಒಂದು ಕೊಲೆಯ ಪಾಪವೂ ಅದಕ್ಕೆ ತಪ್ಪಿತು.

ತಾಳೆಗರಿ:
ಅಷ್ಟು ಸುಲಭಕ್ಕೆ ಬಗೆಹರಿಯಲ್ಲ. ಹಾರಿತ ಜಾತಕ (431) ನೋಡಿ. ಅಲ್ಲಿ ಬೋಧಿಸತ್ವ ತಪಸ್ವಿ, ರಾಣಿಯ ಜೊತೆ ತಪ್ಪು ಮಾಡುತ್ತಾನೆ, ಆದರೆ ರಾಜ ಬಂದು ಕೇಳಿದಾಗ ಒಂದನ್ನೂ ಮುಚ್ಚಿಡದೆ ಒಪ್ಪಿಕೊಳ್ಳುತ್ತಾನೆ. ಬೋಧಿಸತ್ವ ಬೇರೆ ಶೀಲಗಳಲ್ಲಿ ಎಡವಬಹುದು, ಇದ್ದದ್ದನ್ನು ಮರೆಮಾಚಿ ಮೋಸ ಮಾಡುವ ಸುಳ್ಳು ಮಾತ್ರ ಹೇಳಲಾರ ಅಂತ ಅಲ್ಲೇ ವಿವರಣೆ ಇದೆ. ಜಾತಕದ ಗಾಥೆಗಳು, ಅಂದರೆ ಪದ್ಯಗಳು, ಮೂಲ; ಗದ್ಯ ಅಟ್ಟಕಥೆಯದು, ಅಂದರೆ ಆಮೇಲಿನ ವ್ಯಾಖ್ಯಾನದ್ದು ಅಂತಾರೆ ನಿಜ. ಆದರೆ ಇಲ್ಲಿ ಸುಳ್ಳು ಬರೀ ಗದ್ಯದ್ದು ಅಂತ ತಪ್ಪಿಸಿಕೊಳ್ಳೋ ದಾರಿಯೂ ಇಲ್ಲ. ‘ಮೊಸಳೆಯೇ, ನೀನು ನನ್ನಿಂದ ಮೋಸಹೋದೆ’ ಅನ್ನೋ ಮಾತು ಗಾಥೆಯಲ್ಲೇ ಇದೆ.

ಮಲೆಸೀಮೆ:
ನನಗೆ ಈ ಕಥೆಯ ಜೀವ ಬೇರೆ ಕಡೆ ಇದೆ ಅನ್ಸುತ್ತೆ. ಪಂಚತಂತ್ರದಲ್ಲಿ ಕೋತಿ ಮೊಸಳೆ ಸ್ನೇಹಿತರು, ಕೋತಿ ದಿನಾ ನೇರಳೆ ಹಣ್ಣು ಕೊಡುತ್ತದೆ, ಆಮೇಲೆ ಮೊಸಳೆ ದ್ರೋಹ ಬಗೆಯುತ್ತದೆ. ಹಾಗಾಗಿ ಅಲ್ಲಿ ಪಾಠ ಯಾರನ್ನು ನಂಬಬೇಕು ಅನ್ನೋದು. ಜಾತಕದಲ್ಲಿ ಸ್ನೇಹವೇ ಇಲ್ಲ. ಗಂಗೆಯ ಆಚೆ ದಡದಲ್ಲಿ ಒಳ್ಳೊಳ್ಳೆ ಹಣ್ಣಿವೆ ಅಂತ ಮೊಸಳೆ ಆಸೆ ಹುಟ್ಟಿಸುತ್ತದೆ, ಕೋತಿ ಆ ಆಸೆಗೇ ಅದರ ಬೆನ್ನೇರುತ್ತದೆ. ದಡ ಸೇರಿದ ಮೇಲೆ ಬರುವ ಗಾಥೆಯ ಅರ್ಥ ಇಷ್ಟು: ಆಚೆ ದಡದ ಮಾವು, ನೇರಳೆ, ಹಲಸು ನನಗೆ ಬೇಡ, ಈ ಅತ್ತಿಯೇ ಮೇಲು. ಇದು ತಣ್ಹೆಯ, ಅಂದರೆ ತೀರದ ಆಸೆಯ ಬಗೆಗಿನ ಮಾತು, ಇರೋದರಲ್ಲಿ ತೃಪ್ತಿ ಪಡುವ ಮಾತು. ಪಂಚತಂತ್ರ ಬೆರಳು ತೋರಿಸೋದು ಮೊಸಳೆಯ ಕಡೆ, ಜಾತಕ ಬೋಧಿಸತ್ವನ ಆಸೆಯನ್ನೂ ಬಿಡಲ್ಲ. ನನಗಂತೂ ಇದು ಬಹಳ ದೊಡ್ಡ ವಿಷಯ.

ಓದುಗುಳಿ:
ಹಣ್ಣಿನ ಗಾಥೆಯನ್ನು ನಾನು ಹೀಗೆ ಓದಿರಲಿಲ್ಲ, ತುಂಬಾ ಥ್ಯಾಂಕ್ಸ್. ಆದರೂ ಸುಳ್ಳಿನ ಪ್ರಶ್ನೆ ಉಳಿದೇ ಇದೆ. ಬಕ ಜಾತಕ (38) ನೋಡಿ, ಮೀನುಗಳನ್ನು ನಂಬಿಸಿ ತಿಂದ ಕೊಕ್ಕರೆಯ ಕತ್ತು ಕತ್ತರಿಸೋದು ಏಡಿ. ಬೋಧಿಸತ್ವ ಏಡಿಯಲ್ಲ, ಅಲ್ಲೇ ಮರದಲ್ಲಿದ್ದು ನೋಡುವ ದೇವತೆ. ಅಲ್ಲಿ ಕೊಲೆ ಅವನ ಕೈಯಲ್ಲಿ ಆಗಲಿಲ್ಲ. ಇಲ್ಲಿ ಮಾತ್ರ ಸುಳ್ಳನ್ನು ಅವನ ಬಾಯಲ್ಲೇ ಯಾಕೆ ಹೇಳಿಸಿದರು? ಅಟ್ಟಕಥೆ ಪಾಲಿಯಲ್ಲೇ ಓದಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.