ಸ್ವೋರ್ಡ್‌ಟೇಲ್, ಟೆಟ್ರಾ, ಮಾಲಿ: ಕನ್ನಡದಲ್ಲಿ ಏನನ್ನೋಣ?

ಮಾನ್ಯರೆ,
ಮೀನುಮನೆಯೊಂದರ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ನಾನು ಮಾಡಿಕೊಂಡದ್ದು: ಸ್ವೋರ್ಡ್‌ಟೇಲ್‌ಗೆ ‘ಖಡ್ಗಬಾಲ’ (ಅದರ ಶಾಸ್ತ್ರೀಯ ಕುಲನಾಮ ಕ್ಸಿಫೊಫೋರಸ್ ಎಂದರೆ ಕತ್ತಿಯಂಥ ಬಾಲದ್ದು), ಟೆಟ್ರಾಗೆ ‘ಚತುರ್ಮೀನು’ (ಟೆಟ್ರಾ ಎಂದರೆ ನಾಲ್ಕು). ಗಪ್ಪಿ, ಮಾಲಿ ಎರಡಕ್ಕೂ ಏನೂ ಹೊಳೆದಿಲ್ಲ.

—

> ಖಡ್ಗಬಾಲ

ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದ ಜೋಡುಪದ. ಕತ್ತಿಬಾಲ ಅನ್ನಿ, ಮುಗಿಯಿತು. ಆವರಣದಲ್ಲಿ ಕೊಟ್ಟ ಅರ್ಥವಂತೂ ತಪ್ಪು. ಗ್ರೀಕಿನಲ್ಲಿ ಕ್ಸಿಫೋಸ್ ಕತ್ತಿ, ಫೋರೋಸ್ ಹೊತ್ತದ್ದು. ಬಾಲದ ಸುದ್ದಿಯೇ ಇಲ್ಲ. 1848ರಲ್ಲಿ ಪ್ರಾಣಿಶಾಸ್ತ್ರಜ್ಞ ಹೆಕೆಲ್ ಹೆಸರಿಟ್ಟದ್ದು ಗಂಡುಮೀನಿನ ಕೂಡುವ ಅಂಗವನ್ನು ನೋಡಿ. ಫಲಕದಲ್ಲಿ ‘ಕತ್ತಿ ಹೊತ್ತದ್ದು’ ಎಂದಷ್ಟೇ ಬರೆದು ಸುಮ್ಮನಾಗಿ, ಮಕ್ಕಳೂ ಓದುತ್ತಾರೆ.

‘ಚತುರ್ಮೀನು’ ಓದಿದವರು ಜಾಣಮೀನು ಅಂದುಕೊಂಡಾರು. ಟೆಟ್ರಾ ಎಂಬುದು ಟೆಟ್ರಾಗೊನೊಪ್ಟೆರಸ್ ಎಂಬ ಕುಲನಾಮದ ತುಂಡು. ನಾಲ್ಕು ಮೂಲೆಯ ಈಜುರೆಕ್ಕೆಯದು ಎಂದರ್ಥ. ಬಾಲ ಕತ್ತರಿಸಿ ತಲೆಯನ್ನಷ್ಟೇ ಅನುವಾದಿಸಿದರೆ ಹೀಗಾಗುತ್ತದೆ.

ಗಪ್ಪಿ, ಮಾಲಿ ಅಂಕಿತನಾಮಗಳು. ಟ್ರಿನಿಡಾಡಿನಿಂದ ಮೀನು ಕಳಿಸಿದ ಗಪ್ಪಿ ಎಂಬಾತನ ಹೆಸರನ್ನು ಪ್ರಾಣಿಶಾಸ್ತ್ರಜ್ಞ ಗುಂಥರ್ 1866ರಲ್ಲಿ ಅದಕ್ಕಿಟ್ಟ. ಅದೇ ಮೀನಿಗೆ ಪೀಟರ್ಸ್ ಎಂಬ ಇನ್ನೊಬ್ಬ ಪ್ರಾಣಿಶಾಸ್ತ್ರಜ್ಞ 1859ರಲ್ಲೇ ರೆಟಿಕ್ಯುಲೇಟ, ಅಂದರೆ ಬಲೆಬಲೆಯಾದದ್ದು, ಎಂದಿಟ್ಟಿದ್ದ. ಮೊದಲಿಟ್ಟದ್ದಕ್ಕೇ ಮನ್ನಣೆ, ಹಾಗಾಗಿ ಗಪ್ಪಿ ಜನರ ಬಾಯಲ್ಲಷ್ಟೇ ಉಳಿಯಿತು. ಇನ್ನೊಂದು ಹೆಸರು, ಮಾಲಿ, ನೆಪೋಲಿಯನ್ನನ ಖಜಾನೆ ಮಂತ್ರಿ ಮೊಲ್ಲಿಯೆನ್‌ನಿಂದ ಬಂದದ್ದು. ‘ಮೊಲ್ಲಿ’ ಎಂದೇ ಬರೆಯಿರಿ. ‘ಮಾಲಿ’ ಅಂದರೆ ಗಿಡಕ್ಕೆ ನೀರು ಹಾಕುವವನು.

—

ಎಲ್ಲವನ್ನೂ ಹಾಗೇ ಬಿಟ್ಟುಬಿಡುವುದಾದರೆ ಅನುವಾದ ಯಾಕೆ? ಟೆಟ್ರಾಗೆ ‘ಚೌಕರೆಕ್ಕೆ’ ಅಚ್ಚಗನ್ನಡವಾಗಿ ಚೆನ್ನಾಗಿಯೇ ಇದೆ. ಎರವಲಿನ ಚಟ ಬಿಡದೆ ಕನ್ನಡ ಬೆಳೆಯುವುದಿಲ್ಲ.

—

‘ಚೌಕ’ ಅಚ್ಚಗನ್ನಡವೇ? ಚತುಷ್ಕ ಪ್ರಾಕೃತದಲ್ಲಿ ಸವೆದು ಬಂದದ್ದು, ಸ್ವಾಮಿ. ಅಲ್ಲಿಗೆ ಚತುರ್ಮೀನಿನ ಚತುರವೇ ಹಿಂಬಾಗಿಲಿನಿಂದ ಬಂತು. ಲ್ಯಾಟಿನ್ ಹೆಸರುಗಳೇನು ಮಡಿ ಉಟ್ಟಿವೆಯೇ? ಡೇನಿಯೊ ಎಂಬ ಕುಲನಾಮ ಬಂಗಾಳಿಯ ಧಾನಿ, ಭತ್ತದ ಗದ್ದೆಯದು. ಪ್ರಕೃತಿಶಾಸ್ತ್ರಜ್ಞ ಹ್ಯಾಮಿಲ್ಟನ್ 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ಬರೆದಾಗ ಅಲ್ಲಿನ ಹೆಸರುಗಳನ್ನೇ ಎತ್ತಿಕೊಂಡ. ಸಹ್ಯಾದ್ರಿಯ ಹೆಸರಿನಲ್ಲೇ ಸಹ್ಯಾದ್ರಿಯಾ ಎಂಬ ಮೀನಿನ ಕುಲ 2013ರಲ್ಲಿ ಬಂದಿದೆ. ಅವರು ನಮ್ಮದನ್ನು ಕೂಡಿಸಿಕೊಂಡರೆ ಶಾಸ್ತ್ರ, ನಾವು ಅವರದನ್ನು ಕೂಡಿಸಿಕೊಂಡರೆ ಚಟ!

—

ಧನ್ಯವಾದ. ಕತ್ತಿಬಾಲ, ಟೆಟ್ರಾ, ಗಪ್ಪಿ, ಮೊಲ್ಲಿ ಎಂದು ಕಳಿಸಿದೆ. ಒಂದೇ ಮೀನು ಉಳಿದದ್ದು: ಗೌರಾಮಿಯೋ, ಗುರಾಮಿಯೋ?

—

ಗುರಾಮಿ. ಮಲಯ ಭಾಷೆಯಲ್ಲಿ ಹಾಗೇ ಇದೆ. ಔಕಾರ ಇಂಗ್ಲಿಷ್ ಕಾಗುಣಿತ ನೋಡಿ ಓದಿದವರದು.