ಒಪೆರಾ ಹಾಡು, ನಾಲ್ಕು ಟ್ರಾಂಬೋನ್: ಮಾಡಿ ನೋಡಿದವರು ಹೇಳಿ

ಪ್ರಶ್ನೆ: ನಾವು ನಾಲ್ವರು ಟ್ರಾಂಬೋನ್ (ಸ್ಲೈಡ್ ಎಳೆದು ಊದುವ ಹಿತ್ತಾಳೆ ವಾದ್ಯ) ನುಡಿಸುವವರು: ಮೂರು ಟೆನರ್, ಕೆಳದನಿಗೆ ಒಂದು ಬಾಸ್. ಪುಚ್ಚಿನಿಯ ಒಪೆರಾ ಹಾಡು 'ನೆಸ್ಸುನ್ ದೋರ್ಮಾ' ನಾನೇ ಅರೇಂಜ್ ಮಾಡುತ್ತಿದ್ದೇನೆ. ಮೂಲ ಶ್ರುತಿಯಲ್ಲೇ ಇಡಲಾ, ಇಳಿಸಲಾ?

ಸ್ಲೈಡ್‌ಎಣ್ಣೆ: ಇಳಿಸಿ. ನಾನು ಹಠ ಹಿಡಿದು ಮೂಲದಲ್ಲೇ ಇಟ್ಟೆ. ಹಾಡಿನ ಕೊನೆಯ 'ವಿಂಚೆರೋ' ಅನ್ನುವ ಪದದಲ್ಲಿ ಮೇಲಿನ ಬಿ ಸ್ವರ ಇದೆಯಲ್ಲ, ಮನೆಯಲ್ಲಿ 10ಕ್ಕೆ 9 ಸಲ ಬರುತ್ತಿತ್ತು. ವೇದಿಕೆಯಲ್ಲಿ ಅದಕ್ಕೂ ಮುಂಚೆ 3 ಹಾಡು ನುಡಿಸಿ ತುಟಿ ಸೋತಿತ್ತು. ಬಿ ಬರಲಿಲ್ಲ, ಗಾಳಿ ಬಂತು. ಬರೀ ಗಾಳಿ. 11 ತಾಲೀಮು, 3 ಸಲ ತಿದ್ದಿ ಬರೆದ ಪಾರ್ಟ್‌ಗಳು, ಎಲ್ಲಾ ನೀರುಪಾಲು. ಆಮೇಲೆ ಕೊನೆಯ ಭಾಗದ ಡಿ ಮೇಜರ್ ಶ್ರುತಿಯನ್ನು ಬಿ-ಫ್ಲ್ಯಾಟ್‌ಗೆ ಇಳಿಸಿದೆ. ಬಿ ಇದ್ದದ್ದು ಜಿ ಆಯಿತು. ನಿದ್ದೆ ಬಂತು.

ತಗ್ಗುದನಿ: ನಿಮಗೆ ನಿದ್ದೆ ಬಂತು, ಸರಿ. ಕೆಳಗೆ ಕೂತವನ ಪಾಡು? ಇಳಿಸಿದರೆ ಕೆಳಗಿನ ಎರಡು ಪಾರ್ಟ್ ಒತ್ತೊತ್ತಾಗಿ ಸೇರಿ ಬರೀ ಗುಂಯ್ ಅನ್ನುತ್ತದೆ. ನಮ್ಮಲ್ಲಿ ಪಿಯಾನೋ ಸ್ಕೋರ್‌ನ ಎಡಗೈಯನ್ನು ಹಾಗೇ ನನ್ನ ತಲೆಗೆ ಕಟ್ಟಿದ್ದರು. ಉಸಿರಿಗೆ ಜಾಗವೇ ಇಲ್ಲ. ಪೆನ್ಸಿಲ್ ಹಿಡಿದು 17 ಕಡೆ ಗುರುತು ಹಾಕಿ, ಅಲ್ಲೆಲ್ಲ ಸ್ವರವನ್ನು ಮೂರನೆಯವರಿಗೆ ದಾಟಿಸಿದೆ. ಅದನ್ನು ಬಿಟ್ಟು ಪರ್ಸೆಲ್‌ನ ಒಪೆರಾದಲ್ಲಿ ಸಾಯುವ ರಾಣಿ ಡೈಡೋ ಹಾಡುವ ವಿಲಾಪ ತಗೊಳ್ಳಿ. ಬಾಸ್ ಜಿಯಿಂದ ಡಿವರೆಗೆ ಅರ್ಧರ್ಧ ಸ್ವರ ಇಳಿಯುತ್ತದೆ. ಜಿಗೆ ಸ್ಲೈಡ್ 4ನೇ ಪೊಸಿಷನ್ (ಜಾಗ), ಎಫ್-ಶಾರ್ಪ್ 5, ಎಫ್‌ಗೆ ಟ್ರಿಗರ್ (ಹೆಬ್ಬೆರಳಿನ ಸನ್ನೆ) ಒತ್ತಿ ಸ್ಲೈಡ್ ಪೂರ್ತಿ ಒಳಗೆ. ನಾಲಿಗೆ ಕೂದಲೆಳೆಯಷ್ಟು ತಡವಾದರೂ ರಾಣಿ ಸಾಯುವ ಹೊತ್ತಿಗೆ 'ಊಂಯ್' ಅಂತ ಜಾರುಬಂಡಿ! ನನಗೆ ಆರು ವಾರ ಹಿಡಿಯಿತು.

ಮೂರನೇಕುರ್ಚಿ: 'ಮೂರನೆಯವರಿಗೆ ದಾಟಿಸಿದೆ', ಎಷ್ಟು ಸಲೀಸು ಅಲ್ವಾ? ನಮ್ಮ ತಂಡದಲ್ಲಿ ಆ ಮೂರನೆಯವಳು ನಾನು. ಎಲ್ಲರ ಉಸಿರಿನ ತೂತು ಮುಚ್ಚಿ ಮುಚ್ಚಿ, ಮೆಲೊಡಿ ಅಂದರೆ ಏನು ಅಂತಲೇ ಮರೆತಿತ್ತು. ಅದಕ್ಕೇ ವೆರ್ಡಿಯ 'ರಿಗೊಲೆಟ್ಟೊ' ಒಪೆರಾದ ಕ್ವಾರ್ಟೆಟ್ (ನಾಲ್ವರು ಒಟ್ಟಿಗೆ ಹಾಡೋದು) ಟ್ರಾಂಬೋನ್‌ಗೆ ನಾನೇ ಬರೆದೆ. 1851ರದ್ದು, ನಾಲ್ಕು ಪಾತ್ರ, ನಾಲ್ವರಿಗೂ ಬೇರೆ ಬೇರೆ ಮಾತು. ಸೊಪ್ರಾನೊ (ಎತ್ತರದ ಹೆಣ್ಣುದನಿ) ಒಂದು ಆಕ್ಟೇವ್ ಕೆಳಗೆ, ಅಷ್ಟೇ. ಡಿ-ಫ್ಲ್ಯಾಟ್ ಶ್ರುತಿ ಬದಲಿಸಲಿಲ್ಲ. ಅದರಲ್ಲಿ ಮದ್ದಲೇನಾ ಅನ್ನುವ ಪಾತ್ರ ನಗುವ ಆ ಸಣ್ಣ ಸಣ್ಣ ಸ್ವರಗಳನ್ನು ನನಗೇ ಇಟ್ಟುಕೊಂಡೆ. ಅದಕ್ಕೆ ಬೇಕಾದ ಡಬಲ್ ಟಂಗಿಂಗ್‌ಗೆ (ನಾಲಿಗೆಯನ್ನು ತು-ಕು ಅಂತ ಬೇಗ ಆಡಿಸೋದು) 5 ತಿಂಗಳು ಹೋಯಿತು, ಹೋಗಲಿ.

ಸ್ಲೈಡ್‌ಎಣ್ಣೆ: ಕೇಳಿದ್ದು ಏರಿಯಾ, ಒಬ್ಬರೇ ಹಾಡೋ ಹಾಡು ಮೇಡಂ. ಅದು ಏರಿಯಾ ಅಲ್ಲ.

ಮೂರನೇಕುರ್ಚಿ: ಗೊತ್ತು ಸ್ವಾಮಿ. ಗಾಳಿ ಊದಿದವರಿಂದ ಪಾಠ ಬೇಡ.

ತಗ್ಗುದನಿ: ಸುಮ್ನೆ ಜಗಳ ಯಾಕೆ? ಅಂದಹಾಗೆ ಈ ಹಾಡುಗಳಿಗೆ ಸ್ಲೈಡ್ ಅಲ್ಲಾಡಿಸಿ ವೈಬ್ರಾಟೊ (ಸ್ವರದ ನಡುಕ) ಕೊಡೋರು ದಯವಿಟ್ಟು ನಿಲ್ಲಿಸಿ. ದವಡೆಯಲ್ಲಿ ಕೊಡಿ.

ಸ್ಲೈಡ್‌ಎಣ್ಣೆ: ಸ್ಲೈಡ್ ಇರೋದೇ ಅದಕ್ಕೆ!

ತಗ್ಗುದನಿ: ನಾಲ್ವರೂ ಒಟ್ಟಿಗೆ ಅಲ್ಲಾಡಿಸಿದ ರೆಕಾರ್ಡಿಂಗ್ ನನ್ನ ಹತ್ತಿರ ಇದೆ. ಕೇಳುತ್ತೀರಾ?

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಶ್ರುತಿ ಇನ್ನೂ ತೀರ್ಮಾನ ಆಗಿಲ್ಲ. ಇದನ್ನೆಲ್ಲ ಓದಿ ನಮ್ಮ ಮೂರನೆಯವರು ಈಗ ಮೊದಲ ಪಾರ್ಟ್ ಬೇಕು ಅನ್ನುತ್ತಿದ್ದಾರೆ.